ಬಿದ್ದರೂ ಬೇಸರವಿಲ್ಲದ ಆಟ

ಇಂದಿನ ಮಾತನ್ನು ಒಂದು ಸಣ್ಣ ಲೆಕ್ಕದಿಂದ ಆರಂಭಿಸುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಕುಳಿತಿದ್ದೆ. ಆಗ ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಕಂಪ್ಯೂಟರಿನ ಮುಂದೆ ಒಂದು ಆಟದಲ್ಲಿ ಮುಳುಗಿದ್ದಳು. ಪರದೆಯ ಮೇಲೆ ಕೆಂಪು ಕೂದಲಿನ ಪುಟ್ಟ ಹುಡುಗಿಯೊಬ್ಬಳು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರುತ್ತಿದ್ದಳು, ಮುಳ್ಳಿನ ಮೇಲೆ ಬೀಳುತ್ತಿದ್ದಳು, ಮರುಕ್ಷಣ ಮೊದಲಿನ ಜಾಗದಲ್ಲೇ ಎದ್ದು ನಿಲ್ಲುತ್ತಿದ್ದಳು. ಚಿತ್ರಗಳನ್ನು ಎಣಿಸುವುದು ನನ್ನ ವೃತ್ತಿಯ ಚಟ. ಹಾಗಾಗಿ ಬೀಳುವುದನ್ನೂ ಎಣಿಸತೊಡಗಿದೆ. ಕಾಫಿ ಮುಗಿಯುವಷ್ಟರಲ್ಲಿ ಅವಳು 41 ಸಲ ಬಿದ್ದಿದ್ದಳು. 42ನೆಯ ಸಲ ದಾಟಿದಳು. ಅಷ್ಟು ಸಲ ಬಿದ್ದರೂ ಅವಳ ಮುಖದಲ್ಲಿ ಬೇಸರದ ಗೆರೆಯೊಂದೂ ಇರಲಿಲ್ಲ. ದಾಟಿದಾಗ ಮಾತ್ರ ಕುರ್ಚಿಯಲ್ಲೇ ಒಮ್ಮೆ ಪುಟಿದಳು.

ಹಿಂದಿನ ರಾತ್ರಿಯಷ್ಟೇ ನನಗೆ ಇನ್ನೊಂದು ಲೆಕ್ಕ ಸಿಕ್ಕಿತ್ತು. ಕತ್ತರಿ ಹುಡುಕುತ್ತ ಅವಳ ಶಾಲೆಯ ಚೀಲಕ್ಕೆ ಕೈ ಹಾಕಿದಾಗ, ತಳದಲ್ಲಿ ನಾಲ್ಕು ಮಡಿಕೆಯಾಗಿ ಮುದುರಿದ್ದ ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ ಸಿಕ್ಕಿತು. 25ಕ್ಕೆ 9 ಅಂಕ. ಒಂದು ವಾರದಿಂದ ಅವಳು ಅದನ್ನು ಯಾರಿಗೂ ತೋರಿಸದೆ ಹೊತ್ತು ತಿರುಗುತ್ತಿದ್ದಳು.

ಒಬ್ಬಳೇ ಹುಡುಗಿ. ಒಂದು ಕಡೆ 41 ಸಲ ಬಿದ್ದರೂ ನಗುತ್ತಾಳೆ. ಇನ್ನೊಂದು ಕಡೆ ಒಂದೇ ಸಲ ಬಿದ್ದದ್ದಕ್ಕೆ ಮುಖ ಮುಚ್ಚಿಕೊಳ್ಳುತ್ತಾಳೆ. ಏಕೆ? "ಅದು ಆಟ, ಇದು ಪಾಠ" ಎಂದು ಹೇಳಿ ಸುಮ್ಮನಾಗಬಹುದು. ಆದರೆ ವಿಜ್ಞಾನ ಓದಿದವರಿಗೆ ಅಂಥ ಉತ್ತರ ಸಾಲದು. ಆಟದಲ್ಲಿ ಅಂಥದ್ದೇನಿದೆ ಎಂದು ಬಿಚ್ಚಿ ನೋಡಬೇಕು. ಬನ್ನಿ, ಇಂದು ಆ ಕೆಲಸ ಮಾಡೋಣ. ಕಾರ್ಯಕ್ರಮದಲ್ಲಿ ಕೆಲವು ದೃಶ್ಯಗಳನ್ನು ನಿಧಾನಗತಿಯಲ್ಲಿ ತೋರಿಸುತ್ತೇವೆ. ಈ ಪುಸ್ತಿಕೆಯನ್ನು ಓದುತ್ತಿರುವ ನಿಮಗೆ ಒಂದು ಕಾಗದ, ಒಂದು ಪೆನ್ಸಿಲ್ ಇದ್ದರೆ ಸಾಕು.

ಮೊದಲು ಹೆಸರಿನ ವಿಚಾರ. ಪ್ಲಾಟ್‌ಫಾರ್ಮ್ ಎಂದೊಡನೆ ನಮಗೆ ನೆನಪಾಗುವುದು ರೈಲು ನಿಲ್ದಾಣ. ಇಲ್ಲಿ ಆ ಪದಕ್ಕೆ ಕಾಲೂರಲು ಇರುವ ಜಾಗ ಎಂದಷ್ಟೇ ಅರ್ಥ: ಕಟ್ಟೆ, ಜಗಲಿ, ಹಲಗೆ, ಬಂಡೆ ಯಾವುದೂ ಆಗಬಹುದು. ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುವುದೇ ಪ್ಲಾಟ್‌ಫಾರ್ಮ್ ಆಟ. ಈ ಬಗೆಯ ಮೊದಲ ಪ್ರಸಿದ್ಧ ಆಟಗಳಲ್ಲಿ ಒಂದು 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ 'ಡಾಂಕಿ ಕಾಂಗ್'. ದೊಡ್ಡ ಕಪಿಯೊಂದು ಮೇಲಿನಿಂದ ಉರುಳಿಸುವ ಪೀಪಾಯಿಗಳನ್ನು ಹಾರಿ ದಾಟುತ್ತ, ಉಕ್ಕಿನ ತೊಲೆಗಳನ್ನು ಏರಿ ಹೋಗುವ ಒಬ್ಬ ಕುಳ್ಳ ಬಡಗಿಯ ಆಟ ಅದು. ಅದನ್ನು ರೂಪಿಸಿದವರು ಶಿಗೇರು ಮಿಯಾಮೊಟೊ. ಆ ಕುಳ್ಳನೇ ಮುಂದೆ ಮಾರಿಯೊ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದ. 1985ರಲ್ಲಿ ಬಂದ 'ಸೂಪರ್ ಮಾರಿಯೊ ಬ್ರದರ್ಸ್' ಈ ಬಗೆಯ ಆಟಗಳಿಗೆ ವ್ಯಾಕರಣವನ್ನೇ ಬರೆದುಕೊಟ್ಟಿತು ಎನ್ನಬಹುದು. ಆ ಇಡೀ ಆಟ ಕೇವಲ 40 ಕಿಲೋಬೈಟುಗಳಲ್ಲಿ ಅಡಗಿತ್ತು. ಇಂದು ನಿಮ್ಮ ಮನೆಯ ಫೋನಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರ ಅದರ ಎಷ್ಟೋ ಪಟ್ಟು ಜಾಗ ಹಿಡಿಯುತ್ತದೆ!

ನನ್ನ ಮಗಳು ಆಡುತ್ತಿದ್ದುದು ಮಾರಿಯೊ ಅಲ್ಲ, ಆ ಪರಂಪರೆಯ ಇತ್ತೀಚಿನ ಕುಡಿ. ಅದರ ಹೆಸರು 'ಸೆಲೆಸ್ಟ್'. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬಿಬ್ಬರು ಅದರ ಪುಟ್ಟ ಮೊದಲ ರೂಪವನ್ನು ನಾಲ್ಕೇ ದಿನಗಳಲ್ಲಿ ಮಾಡಿದ್ದರು. ಆಮೇಲೆ ಒಂದು ಸಣ್ಣ ತಂಡದೊಡನೆ ಅದನ್ನು ಬೆಳೆಸಿ 2018ರ ಜನವರಿಯಲ್ಲಿ ಬಿಡುಗಡೆ ಮಾಡಿದರು. ಸೆಲೆಸ್ಟ್ ಎಂಬುದು ಒಂದು ಪರ್ವತ. ಮ್ಯಾಡಲಿನ್ ಎಂಬ ಹುಡುಗಿ ಅದನ್ನು ಹತ್ತಬೇಕು. ಕಥೆ ಇಷ್ಟೇ. ಇಂದು ಪ್ರಪಂಚದಲ್ಲಿ ಚಿತ್ರವೈಭವದ ಆಟಗಳಿಗೆ ಬರವಿಲ್ಲ. ಆದರೂ 320 ಚುಕ್ಕಿ ಅಗಲ, 180 ಚುಕ್ಕಿ ಎತ್ತರದ ಒರಟು ಚಿತ್ರಗಳ ಈ ಆಟವನ್ನು ಜನ ಮೆಚ್ಚಿ ಆಡಿದರು. ಹಾಗಾದರೆ ಸಂತೋಷದ ಮೂಲ ಚಿತ್ರದಲ್ಲಿಲ್ಲ. ಮತ್ತೆಲ್ಲಿದೆ?

ಮೊದಲ ಉತ್ತರ: ಜಿಗಿತದಲ್ಲಿದೆ.

ಪೆನ್ಸಿಲ್ ಕೈಗೆತ್ತಿಕೊಳ್ಳಿ. ಮಾರಿಯೊ ನಿಂತಲ್ಲಿಂದ ಜಿಗಿದರೆ ತನ್ನ ಎತ್ತರದ ಸುಮಾರು ನಾಲ್ಕು ಪಟ್ಟು ಮೇಲಕ್ಕೆ ಹೋಗುತ್ತಾನೆ. ನೀವು ಒಂದೂವರೆ ಮೀಟರ್ ಎತ್ತರ ಇದ್ದೀರಿ ಎಂದುಕೊಳ್ಳೋಣ. ನಾಲ್ಕು ಪಟ್ಟು ಎಂದರೆ 6 ಮೀಟರ್. ನಮ್ಮ ಭೂಮಿಯ ಗುರುತ್ವದಲ್ಲಿ 6 ಮೀಟರ್ ಏರಲು ಸುಮಾರು 1.1 ಸೆಕೆಂಡು, ಇಳಿಯಲು ಮತ್ತೆ 1.1 ಸೆಕೆಂಡು ಬೇಕು. ದೂರ ಸಮ ಅರ್ಧ ಜಿ ಟಿ ವರ್ಗ ಎಂಬ ಸೂತ್ರದಿಂದ ನೀವೇ ತಾಳೆ ನೋಡಿ. ಒಟ್ಟು 2.2 ಸೆಕೆಂಡು. ಆಟಗಾರನ ಪಾಲಿಗೆ ಇದು ಯುಗ! ಅಷ್ಟು ಹೊತ್ತು ಬಲೂನಿನಂತೆ ಗಾಳಿಯಲ್ಲಿ ತೇಲುವ ನಾಯಕ ಯಾರಿಗೆ ಬೇಕು? ಆದ್ದರಿಂದ ಆಟದಲ್ಲಿ ಇಡೀ ಜಿಗಿತ ಮುಗಿಯುವುದು ಸುಮಾರು 0.8 ಸೆಕೆಂಡಿನಲ್ಲಿ. ಅಂದರೆ ಮಾರಿಯೊ ಇರುವ ಲೋಕದ ಗುರುತ್ವ ನಮ್ಮದಕ್ಕಿಂತ ಬಹಳ ಹೆಚ್ಚು, ಅವನ ಕಾಲಿನ ಬಲವೂ ಅದಕ್ಕೆ ತಕ್ಕಷ್ಟು ಹೆಚ್ಚು.

ಇನ್ನೊಂದು ವಿಚಿತ್ರ ನೋಡಿ. ಮೇಲೆ ಎಸೆದ ಚೆಂಡು ಏರಲು ತೆಗೆದುಕೊಂಡಷ್ಟೇ ಕಾಲವನ್ನು ಇಳಿಯಲೂ ತೆಗೆದುಕೊಳ್ಳುತ್ತದೆ ಎಂದು ನಾವು ಕಲಿತಿದ್ದೇವೆ, ಗಾಳಿಯ ತಡೆಯನ್ನು ಬಿಟ್ಟರೆ. ಮಾರಿಯೊ ಈ ನಿಯಮವನ್ನು ಪಾಲಿಸುವುದಿಲ್ಲ. ಬಟನ್ ಒತ್ತಿ ಹಿಡಿದು ಏರುವಾಗ ಅವನ ಮೇಲೆ ಕೆಲಸ ಮಾಡುವ ಗುರುತ್ವ ಕಡಿಮೆ, ಇಳಿಯುವಾಗಿನ ಗುರುತ್ವ ಅದರ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಏರುವಾಗ ಹಕ್ಕಿ, ಇಳಿಯುವಾಗ ಕಲ್ಲು. ಅಷ್ಟೇ ಅಲ್ಲ, ಅರ್ಧ ಏರಿದಾಗಲೇ ಬಟನ್ ಬಿಟ್ಟರೆ ಆ ಹೆಚ್ಚಿನ ಗುರುತ್ವ ತಕ್ಷಣ ಬಂದು ಹಿಡಿಯುತ್ತದೆ, ಜಿಗಿತ ಚಿಕ್ಕದಾಗುತ್ತದೆ. ಒಂದೇ ಬಟನ್ನಿನಿಂದ ಚಿಕ್ಕ ನೆಗೆತ, ನಡು ನೆಗೆತ, ದೊಡ್ಡ ನೆಗೆತ ಎಲ್ಲವೂ ಸಾಧ್ಯ. ವೀಣೆಯ ತಂತಿ ಮೀಟುವವರ ಬೆರಳಿನಂತೆ ಆಟಗಾರನ ಬೆರಳೂ ಒತ್ತಿನ ಹದವನ್ನು ಕಲಿಯುತ್ತದೆ. ಈ ಹದ ಕೈಗೆ ಹತ್ತಿದ ಕ್ಷಣದಲ್ಲೇ ಸಂತೋಷದ ಮೊದಲ ಚಿಲುಮೆ ಏಳುತ್ತದೆ.

ಎರಡನೆಯ ಉತ್ತರ: ಸಮಯದಲ್ಲಿದೆ.

ನಮ್ಮ ದೂರದರ್ಶನದ ಕೆಲಸದಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ 25 ಫ್ರೇಮುಗಳು. ಸಂಕಲನದ ಕೋಣೆಯಲ್ಲಿ ಕೆಲವೇ ಫ್ರೇಮುಗಳಷ್ಟು ಧ್ವನಿ ಹಿಂದೆ ಮುಂದೆ ಆದರೂ ಮಾತಾಡುವವರ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಿ ನೋಡುಗರಿಗೆ ಕಿರಿಕಿರಿಯಾಗುತ್ತದೆ. ಏನು ತಪ್ಪಾಗಿದೆ ಎಂದು ಅವರು ಹೇಳಲಾರರು, ಏನೋ ಸರಿಯಿಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಈ ಆಟಗಳಲ್ಲಿ ಸೆಕೆಂಡಿಗೆ 60 ಫ್ರೇಮುಗಳು. ಒಂದು ಫ್ರೇಮಿನ ಆಯುಷ್ಯ ಸುಮಾರು 17 ಮಿಲಿಸೆಕೆಂಡು. ಬೆರಳು ಬಟನ್ ಮುಟ್ಟಿದ ಒಂದೆರಡು ಫ್ರೇಮಿನೊಳಗೆ ಪಾತ್ರ ನೆಲ ಬಿಟ್ಟರೆ, "ನಾನು ಅವಳನ್ನು ಹಾರಿಸಿದೆ" ಎಂದು ನಮಗೆ ಅನಿಸುವುದಿಲ್ಲ. "ನಾನು ಹಾರಿದೆ" ಎಂದೇ ಅನಿಸುತ್ತದೆ. ಆಟವಾಡುವ ಮಕ್ಕಳು "ಅಯ್ಯೋ, ನಾನು ಬಿದ್ದೆ" ಎಂದು ಕೂಗುವುದನ್ನು ಕೇಳಿದ್ದೀರಲ್ಲ? "ಅವಳು ಬಿದ್ದಳು" ಎಂದು ಯಾರೂ ಕೂಗುವುದಿಲ್ಲ. ಆ 'ನಾನು' ಹುಟ್ಟುವುದು ಈ ಮಿಲಿಸೆಕೆಂಡುಗಳಲ್ಲಿ.

ಸೆಲೆಸ್ಟ್‌ನಲ್ಲಿ ಮ್ಯಾಡಲಿನ್‌ಗೆ ಜಿಗಿತದ ಜತೆಗೆ ಗಾಳಿಯಲ್ಲಿ ಒಮ್ಮೆ ಬಾಣದಂತೆ ನುಗ್ಗುವ ಶಕ್ತಿಯೂ ಇದೆ. ನುಗ್ಗುವ ಮುನ್ನ ಇಡೀ ಪರದೆ ಮೂರು ಫ್ರೇಮುಗಳಷ್ಟು, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಸ್ತಬ್ಧವಾಗುತ್ತದೆ. ಕಣ್ಣಿಗೆ ಇದು ನಿಲುಗಡೆ ಎಂದು ಕಾಣುವುದಿಲ್ಲ, ಪೆಟ್ಟಿನ ತೂಕ ಎಂದು ಭಾಸವಾಗುತ್ತದೆ. ಆ ಶಕ್ತಿ ಖರ್ಚಾದಾಗ ಅವಳ ಕೆಂಪು ಕೂದಲು ನೀಲಿಯಾಗುತ್ತದೆ, ನೆಲ ಮುಟ್ಟಿದಾಗ ಮತ್ತೆ ಕೆಂಪಾಗುತ್ತದೆ. ಪರದೆಯ ಮೂಲೆಯಲ್ಲಿ ಅಂಕಿ ಬರೆದು ತಿಳಿಸುವ ಬದಲು, ನಮ್ಮ ಕಣ್ಣು ಸದಾ ಇರುವ ಜಾಗದಲ್ಲೇ ಸುದ್ದಿಯನ್ನು ಇಟ್ಟಿದ್ದಾರೆ. ದೃಶ್ಯ ಮಾಧ್ಯಮದಲ್ಲಿ ಕೆಲಸ ಮಾಡುವ ನನಗೆ ಇದನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಈಗ ಮೂರನೆಯ ಉತ್ತರ. ನನ್ನ ಪ್ರಕಾರ ಇದೇ ಮುಖ್ಯವಾದದ್ದು: ಕ್ಷಮೆ.

ಹಳೆಯ ಅಮೆರಿಕನ್ ಕಾರ್ಟೂನ್ ಚಿತ್ರಗಳಲ್ಲಿ ಒಂದು ಕಯೋಟಿ ಬರುತ್ತದೆ. ಕಯೋಟಿ ಎಂದರೆ ತೋಳದ ಜಾತಿಗೆ ಸೇರಿದ ಅಲ್ಲಿನ ಕಾಡುಪ್ರಾಣಿ. 1949ರಲ್ಲಿ ಚಕ್ ಜೋನ್ಸ್ ಅವರ ಚಿತ್ರದಲ್ಲಿ ಮೊದಲು ಕಾಣಿಸಿಕೊಂಡ ಈ ಪ್ರಾಣಿ ಹಕ್ಕಿಯೊಂದನ್ನು ಅಟ್ಟಿಸಿಕೊಂಡು ಓಡುತ್ತ ಪ್ರಪಾತದ ಅಂಚನ್ನೂ ದಾಟಿ ಗಾಳಿಯಲ್ಲಿ ಓಡುತ್ತದೆ. ಕೆಳಗೆ ನೋಡುವ ತನಕ ಬೀಳುವುದಿಲ್ಲ. ಆ ತಮಾಷೆಯ ನೆನಪಿನಲ್ಲಿ ಆಟ ತಯಾರಕರು ಒಂದು ತಂತ್ರಕ್ಕೆ 'ಕಯೋಟಿ ಸಮಯ' ಎಂದು ಹೆಸರಿಟ್ಟಿದ್ದಾರೆ.

ಏನಿದು? ಮ್ಯಾಡಲಿನ್ ಓಡುತ್ತ ಕಟ್ಟೆಯ ತುದಿಗೆ ಬರುತ್ತಾಳೆ. ತುದಿಯಲ್ಲೇ ಜಿಗಿಯಬೇಕೆಂದು ನೀವು ಬಟನ್ ಒತ್ತುತ್ತೀರಿ. ಆದರೆ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯರಿಗೆ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ನೀವು ಒತ್ತುವ ಹೊತ್ತಿಗೆ ಅವಳ ಕಾಲು ಕಟ್ಟೆ ಬಿಟ್ಟು ಹೋಗಿರಬಹುದು. ನಿಯಮದ ಅಕ್ಷರವನ್ನೇ ಹಿಡಿದರೆ ಕಾಲಡಿ ನೆಲವಿಲ್ಲ, ಆದ್ದರಿಂದ ಜಿಗಿತವಿಲ್ಲ. ಆದರೆ ಆಟ ಹಾಗೆ ಹೇಳುವುದಿಲ್ಲ. ಅಂಚು ಬಿಟ್ಟ ನಂತರವೂ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಜಿಗಿತವನ್ನು ಒಪ್ಪಿಕೊಳ್ಳುತ್ತದೆ. ಈ ಪಾತ್ರದ ಚಲನೆಯ ಪ್ರೋಗ್ರಾಮನ್ನು ತಯಾರಕರೇ ಎಲ್ಲರೂ ಓದಲೆಂದು ಪ್ರಕಟಿಸಿದ್ದಾರೆ, ಆದ್ದರಿಂದ ಈ ಅಂಕಿಗಳು ನಮಗೆ ತಿಳಿದಿವೆ. ಅವಳ ಓಟದ ವೇಗ ಸೆಕೆಂಡಿಗೆ 90 ಚುಕ್ಕಿ. ಹತ್ತನೇ ಒಂದು ಸೆಕೆಂಡಿನಲ್ಲಿ 9 ಚುಕ್ಕಿ. ಅವಳ ದೇಹದ ಅಗಲ 8 ಚುಕ್ಕಿ ಎಂದು ಆಟದ ಲೆಕ್ಕ. ಅಂದರೆ ತನ್ನ ಮೈಯಗಲಕ್ಕಿಂತ ಹೆಚ್ಚು ದೂರ ಶೂನ್ಯದಲ್ಲಿ ಹೋದ ಮೇಲೂ ಅವಳು ಜಿಗಿಯಬಲ್ಲಳು! ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. "ಸರಿಯಾಗಿ ತುದಿಯಲ್ಲೇ ಜಿಗಿದೆ" ಎಂದು ಬೀಗುತ್ತಾರೆ.

ತಡವಾದವರಿಗೆ ಮಾತ್ರವಲ್ಲ, ಅವಸರ ಮಾಡಿದವರಿಗೂ ಇಲ್ಲಿ ಕ್ಷಮೆಯುಂಟು. ಕಾಲು ನೆಲ ಮುಟ್ಟುವ ತುಸು ಮೊದಲೇ ನೀವು ಬಟನ್ ಒತ್ತಿದರೆ, ಆಟ ಅದನ್ನು ನೆನಪಿಟ್ಟುಕೊಂಡು ನೆಲ ಮುಟ್ಟಿದ ಕ್ಷಣದಲ್ಲೇ ಜಿಗಿಸುತ್ತದೆ. ಮೇಲೆ ಹಾರುವಾಗ ತಲೆ ಚಾವಣಿಯ ಮೂಲೆಗೆ ನಾಲ್ಕು ಚುಕ್ಕಿಗಳೊಳಗೆ ತಾಗಿದರೆ, ನಿಮ್ಮನ್ನು ತಡೆಯದೆ ಮೆಲ್ಲನೆ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಬಟನ್ ಒತ್ತಿ ಹಿಡಿದಿದ್ದರೆ ಜಿಗಿತದ ನೆತ್ತಿಯಲ್ಲಿ ಗುರುತ್ವವನ್ನು ಅರ್ಧಕ್ಕೆ ಇಳಿಸುತ್ತದೆ. ಎಲ್ಲಿ ಇಳಿಯಬೇಕೆಂದು ಆಲೋಚಿಸಲು ಆಗ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ.

ಇದು ಮೋಸವಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿಕೊಂಡೆ. ಆಮೇಲೆ ನನಗೆ ನೆನಪಾದದ್ದು ಒಳ್ಳೆಯ ಗಣಿತದ ಮೇಷ್ಟ್ರುಗಳು. ಉತ್ತರದ ಕೊನೆಯ ಅಂಕಿ ತಪ್ಪಿದ್ದರೂ ಅವರು ಹಂತಗಳನ್ನು ನೋಡಿ ಅಂಕ ಕೊಡುತ್ತಾರೆ. ವಿದ್ಯಾರ್ಥಿಗೆ ವಿಷಯ ಅರ್ಥವಾಗಿದೆಯೇ, ಏನು ಮಾಡಲು ಹೊರಟಿದ್ದ ಎಂಬುದನ್ನು ಗಮನಿಸುತ್ತಾರೆ. ಒಳ್ಳೆಯ ಆಟವೂ ಹಾಗೆಯೇ. ನಮ್ಮ ಬೆರಳು ಏನು ಮಾಡಿತು ಎಂಬುದಕ್ಕಿಂತ ನಮ್ಮ ಮನಸ್ಸು ಏನು ಮಾಡಬೇಕೆಂದಿತ್ತು ಎಂಬುದನ್ನು ನೋಡಿ ತೀರ್ಪು ಕೊಡುತ್ತದೆ.

ಆದರೆ ಕ್ಷಮೆ ಎಂದರೆ ಸಡಿಲವಲ್ಲ. ಇಲ್ಲಿ ಎಚ್ಚರಿಕೆಯಿಂದ ಗಮನಿಸಿ. ಸೆಲೆಸ್ಟ್ ಸುಲಭದ ಆಟವೇ ಅಲ್ಲ. ಮುಳ್ಳು ಯಾವತ್ತೂ ಮುಳ್ಳೇ, ಅದರ ಮೇಲೆ ಬಿದ್ದರೆ ಬಿದ್ದಂತೆಯೇ. ನಿನ್ನೆಯ ನಿಯಮ ಇಂದು ಬದಲಾಗುವುದಿಲ್ಲ. ಕಾಣದ ಜಾಗದಿಂದ ಬಂದು ಹೊಡೆಯುವ ವಂಚನೆ ಒಳ್ಳೆಯ ಆಟಗಳಲ್ಲಿ ಇರುವುದಿಲ್ಲ. ಕೂದಲೆಳೆಯ ತಪ್ಪನ್ನು ಆಟವೇ ಹೊಟ್ಟೆಗೆ ಹಾಕಿಕೊಂಡಿರುವುದರಿಂದ, ನಾವು ಬಿದ್ದಾಗ ಅದು ನಿಜವಾಗಿಯೂ ನಮ್ಮದೇ ತಪ್ಪು ಎಂದು ನಮಗೆ ಒಪ್ಪಿಗೆಯಾಗುತ್ತದೆ. ತಪ್ಪು ನಮ್ಮದು ಎಂದಾದರೆ ತಿದ್ದಿಕೊಳ್ಳುವುದೂ ನಮ್ಮ ಕೈಯಲ್ಲೇ ಇದೆ. ಆ ಭಾನುವಾರ ಬಿದ್ದಾಗಲೆಲ್ಲ ನನ್ನ ಮಗಳು ಹೇಳುತ್ತಿದ್ದ ಮಾತು ಒಂದೇ: "ಬೇಗ ಬಿಟ್ಟೆ." ಇನ್ನೊಮ್ಮೆ: "ಈಗ ತಡವಾಯ್ತು." ದೂರು ಹೇಳುವವರ ದನಿ ಅದಲ್ಲ, ಪ್ರಯೋಗಶಾಲೆಯಲ್ಲಿ ವೀಕ್ಷಣೆ ಬರೆದುಕೊಳ್ಳುವವರ ದನಿ.

ಕಲಿಸುವ ಕೆಲಸದಲ್ಲೂ ಈ ಆಟಗಳು ಜಾಣ. ಸೂಪರ್ ಮಾರಿಯೊದ ಮೊದಲ ಘಟ್ಟವನ್ನೇ ನೋಡಿ. ಒಂದು ಸಾಲಿನ ಸೂಚನೆಯೂ ಇಲ್ಲ. ಮಾರಿಯೊ ಪರದೆಯ ಎಡಗಡೆ ನಿಂತಿದ್ದಾನೆ, ಬಲಗಡೆ ಬಯಲು. ಹೋಗಬೇಕಾದ್ದು ಬಲಕ್ಕೆ ಎಂದು ಕಣ್ಣೇ ಹೇಳುತ್ತದೆ. ಅಣಬೆಯಾಕಾರದ ಗೂಂಬಾ ಎಂಬ ವೈರಿ ನಡೆದು ಬರುತ್ತದೆ. ತಾಗಿದರೆ ಆಟ ಹೋಯಿತು, ಆದರೆ ನಾಲ್ಕು ಹೆಜ್ಜೆಯಷ್ಟೇ ನಷ್ಟ. ಎರಡನೆಯ ಸಲ ಜಿಗಿಯುತ್ತೀರಿ. ಪ್ರಶ್ನೆಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿದರೆ ನಾಣ್ಯ, ಇನ್ನೊಂದಕ್ಕೆ ತಾಗಿದರೆ ಒಂದು ಅಣಬೆ. ಈ ಅಣಬೆ ಒಳ್ಳೆಯದು, ಮಾರಿಯೊನನ್ನು ದೊಡ್ಡವನನ್ನಾಗಿ ಮಾಡುತ್ತದೆ. ಆದರೆ ಗೂಂಬಾ ನೋಡಿ ಹೆದರಿದ ಹೊಸಬರು ಇದರಿಂದಲೂ ಓಡಿಹೋದರೆ? ಅದಕ್ಕೂ ಉಪಾಯವಿದೆ. ಅಣಬೆ ಬಲಕ್ಕೆ ಉರುಳಿ, ಕೊಳವೆಗೆ ಬಡಿದು ನಿಮ್ಮ ಕಡೆಗೇ ಹಿಂದಿರುಗುತ್ತದೆ. ಗಾಬರಿಯಿಂದ ಜಿಗಿದರೂ ಮೇಲಿನ ಇಟ್ಟಿಗೆ ತಲೆಗೆ ತಾಗಿ ಅದರ ಮೇಲೇ ಇಳಿಯುವ ಸಂಭವ ಹೆಚ್ಚು. ಮುಂದೆ ಎದುರುಬದುರು ಎರಡು ಮೆಟ್ಟಿಲ ಸಾಲುಗಳು ಬರುತ್ತವೆ. ನಡುವೆ ಗಟ್ಟಿ ನೆಲ, ಬಿದ್ದರೆ ಏನೂ ಆಗದು. ಅದನ್ನು ದಾಟಿದ ಮೇಲೆ ಅಂಥದ್ದೇ ಇನ್ನೊಂದು ಜೋಡಿ, ಆದರೆ ಈ ಸಲ ನಡುವೆ ಆಳವಾದ ಹಳ್ಳ. ಮೊದಲು ಅಪಾಯವಿಲ್ಲದ ಕಡೆ ಅಭ್ಯಾಸ, ನಂತರ ನಿಜವಾದ ಪರೀಕ್ಷೆ! ಪಠ್ಯಪುಸ್ತಕ ಬರೆಯುವವರು ಈ ಪುಟ್ಟ ಘಟ್ಟವನ್ನು ಒಮ್ಮೆ ಆಡಿ ನೋಡಬೇಕೆಂದು ನನ್ನ ಆಸೆ.

ನಾಲ್ಕನೆಯದು, ಮರುಪ್ರಯತ್ನದ ಬೆಲೆ. ಹಣ ಹಾಕಿ ಆಡುವ ಯಂತ್ರಗಳ ಕಾಲದಲ್ಲಿ ಆಟಗಾರ ಬೇಗ ಸೋತರೆ ಅಂಗಡಿಯವರಿಗೆ ಲಾಭ. ಆದ್ದರಿಂದ ಮೂರು ಪ್ರಾಣ, ಅವು ಮುಗಿದರೆ ಮತ್ತೊಂದು ನಾಣ್ಯ. ಮನೆಯಲ್ಲಿ ಆಡುವ ಆಟಗಳಿಗೆ ಬಂದ ಮೇಲೂ ಈ ಮೂರು ಪ್ರಾಣಗಳ ಪದ್ಧತಿ ಬಹುಕಾಲ ಉಳಿಯಿತು. ಸೆಲೆಸ್ಟ್‌ನಲ್ಲಿ ಪ್ರಾಣಗಳ ಲೆಕ್ಕವೇ ಇಲ್ಲ. ಪರ್ವತವನ್ನು ಒಂದೊಂದು ಪರದೆಯಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿದ್ದಾರೆ. ಬಿದ್ದರೆ ಆ ತುಂಡಿನ ಆರಂಭದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಲ್ಲುತ್ತೀರಿ. ತಪ್ಪಿಗೂ ತಿದ್ದುಪಡಿಗೂ ನಡುವೆ ಅಂತರವೇ ಇಲ್ಲದ್ದರಿಂದ ಕೈ ಮರೆಯುವ ಮೊದಲೇ ಮತ್ತೆ ಯತ್ನಿಸುತ್ತದೆ. ಎಷ್ಟು ಸಲ ಬಿದ್ದಿರಿ ಎಂದು ಆಟ ಎಣಿಸುತ್ತದೆ ನಿಜ, ಆದರೆ ಆ ಎಣಿಕೆಗೆ ನಾಚಬೇಡಿ, ಅದು ನೀವು ಕಲಿತದ್ದರ ಗುರುತು ಎಂದೂ ಅದೇ ಧೈರ್ಯ ಹೇಳುತ್ತದೆ.

ದಾರಿಯಲ್ಲಿ ಅಲ್ಲಲ್ಲಿ, ತಲುಪಲು ಕಷ್ಟವಾದ ಮೂಲೆಗಳಲ್ಲಿ ಸ್ಟ್ರಾಬೆರಿ ಹಣ್ಣುಗಳಿವೆ. ಪರ್ವತದ ತುದಿ ತಲುಪಲು ಅವು ಬೇಕೇ ಬೇಕು ಎಂದೇನಿಲ್ಲ. ಬೇಕಾದವರು ಕಷ್ಟಪಟ್ಟು ಕೀಳಬಹುದು. ಇನ್ನು, ಕೈ ನಡುಗುವವರು, ತೀರ ಹೊಸಬರು ಇದ್ದರೆ ಆಟದ ವೇಗ ತಗ್ಗಿಸಿಕೊಳ್ಳುವ, ಬಿದ್ದರೂ ಸಾಯದಂತೆ ಮಾಡಿಕೊಳ್ಳುವ ಸಹಾಯಕ ವ್ಯವಸ್ಥೆಯೂ ಇದೆ. ಕುಂಟೆಬಿಲ್ಲೆ ಆಡುವಾಗ ದೊಡ್ಡ ಮಕ್ಕಳು ಪುಟ್ಟ ತಂಗಿಯನ್ನು "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಸೇರಿಸಿಕೊಳ್ಳುತ್ತಿದ್ದುದು ನಿಮಗೆ ನೆನಪಿರಬೇಕು. ಗೆರೆ ತುಳಿದರೂ ಅವಳು ಔಟಲ್ಲ. ಹಾಗೆ ಸೇರಿಕೊಂಡ ತಂಗಿಯೇ ಮುಂದಿನ ವರ್ಷ ಲೆಕ್ಕಕ್ಕೂ ಉಂಟಾಗುತ್ತಾಳೆ, ಅಕ್ಕಂದಿರನ್ನು ಸೋಲಿಸುತ್ತಾಳೆ. ಹೊರಗೆ ನಿಲ್ಲಿಸಿದ್ದರೆ ಕಲಿಯುತ್ತಿದ್ದಳೇ?

ಈ ಆಟದ ಕಥೆಯ ವಿಷಯವೂ ಇದೇ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಮ್ಯಾಡಲಿನ್‌ಗೆ ಆತಂಕದ ತೊಂದರೆ. ಒಮ್ಮೊಮ್ಮೆ ಉಸಿರು ಕಟ್ಟಿದಂತಾಗುತ್ತದೆ. "ನಿನ್ನಿಂದಾಗದು, ಹಿಂದಿರುಗು" ಎನ್ನುವ ಅವಳದೇ ಇನ್ನೊಂದು ರೂಪ ಅವಳನ್ನು ಅಟ್ಟಿಸಿಕೊಂಡು ಬರುತ್ತದೆ. ಅದರಿಂದ ಓಡಿದಷ್ಟೂ ಕಷ್ಟ. ಕೊನೆಗೆ ಅದರೊಡನೆ ರಾಜಿಯಾದಾಗ ಅವಳಿಗೆ ಗಾಳಿಯಲ್ಲಿ ಒಂದರ ಬದಲು ಎರಡು ಸಲ ನುಗ್ಗುವ ಶಕ್ತಿ ಬರುತ್ತದೆ. ಕಥೆ ಹೇಳುವ ಮಾತನ್ನೇ ಆಟದ ನಿಯಮಗಳೂ ಹೇಳುತ್ತವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂತೋಷ ಕೊಡುವ ಎಲ್ಲ ಆಟಗಳೂ ಇಂಥವಲ್ಲ. ಬಣ್ಣದ ಪೆಟ್ಟಿಗೆ ತೆರೆದಾಗ ಅದೃಷ್ಟದಿಂದ ಏನೋ ಸಿಗುವ, ಸಿಗದಿದ್ದರೆ ಹಣ ಕೇಳುವ, ಎಂದಿಗೂ ಮುಗಿಯದ ಆಟಗಳು ಫೋನಿನ ತುಂಬ ಇವೆ. ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಹೇಳುತ್ತೇನೆ. ಒಂದು ವಾರ ಆಡಿದ ಮೇಲೆ ಕೇಳಿಕೊಳ್ಳಿ: ಬೆಳೆದದ್ದು ನನ್ನ ಕೈಚಳಕವೋ, ಪರದೆಯ ಮೇಲಿನ ಅಂಕಿಯೋ? ಆಟವನ್ನು ಅಳಿಸಿ ಹೊಸದಾಗಿ ಆರಂಭಿಸಿದರೆ ನನ್ನ ಬಳಿ ಏನಾದರೂ ಉಳಿಯುತ್ತದೆಯೇ? ಪ್ಲಾಟ್‌ಫಾರ್ಮ್ ಆಟದಲ್ಲಿ ಜಿಗಿತದ ಹದ ಉಳಿಯುತ್ತದೆ. ಪರ್ವತಕ್ಕೆ ತುದಿಯಿದೆ, ತುದಿ ತಲುಪಿದ ಮೇಲೆ ಇಳಿದು ಬಂದು ಊಟ ಮಾಡಬಹುದು.

ಈಗ ಮತ್ತೆ ಆ ಮಡಿಸಿದ ಉತ್ತರಪತ್ರಿಕೆಗೆ ಬರೋಣ. ನನ್ನ ಪದವಿ ತರಗತಿಯ ಕಾಲದಲ್ಲಿ ನಾನು ಭೌತಶಾಸ್ತ್ರದ ಒಂದು ಪತ್ರಿಕೆಯಲ್ಲಿ ನಪಾಸಾಗಿದ್ದೆ. ಬಂದದ್ದು ಒಂದು ಅಂಕಿ ಮಾತ್ರ. ಎಲ್ಲಿ ತಪ್ಪಿದೆ, ಎಷ್ಟರಲ್ಲಿ ತಪ್ಪಿದೆ ಎಂದು ಯಾರೂ ಹೇಳಲಿಲ್ಲ. ಮತ್ತೆ ಬರೆಯಲು ಒಂದು ವರ್ಷ ಕಾಯಬೇಕಾಯಿತು. ಜತೆಗಿದ್ದವರು ಮುಂದೆ ಹೋದರು. ಎರಡನೆಯ ಸಲ ಪಾಸಾದೆ, ಆದರೆ ಮೊದಲ ಸಲ ಏನು ತಪ್ಪು ಮಾಡಿದ್ದೆ ಎಂಬುದು ಇಂದಿಗೂ ನನಗೆ ತಿಳಿಯದು. ಬಿದ್ದ ನೋವಿಗಿಂತ ಈ ತಿಳಿಯದಿರುವಿಕೆಯೇ ಹೆಚ್ಚು ದಿನ ಕಾಡಿತು. ಮಗಳ ಚೀಲದಲ್ಲಿ ಆ ಕಾಗದ ನೋಡಿದಾಗ ಸಿಟ್ಟು ಬರದೆ ಇದ್ದದ್ದು ಬಹುಶಃ ಆ ನೆನಪಿನಿಂದ.

ಭಾನುವಾರ ಮಧ್ಯಾಹ್ನ ಅವಳ ಮುಂದೆ ಕಾಗದವನ್ನು ಬಿಡಿಸಿಟ್ಟೆ. ಅವಳ ಮುಖ ಬಾಡಿತು. "ಇದು ಒಂಬತ್ತು ಅಂಕವಲ್ಲ, ಎಂಟು ಪರದೆ. ಎಲ್ಲೆಲ್ಲಿ ಬಿದ್ದೆ, ಬೇಗ ಬಿಟ್ಟೆಯೋ ತಡವಾಯಿತೋ, ನೋಡು" ಎಂದೆ. ಮೊದಲು ನಂಬಲಿಲ್ಲ. ಆಮೇಲೆ ಒಂದೊಂದೇ ಲೆಕ್ಕ ಬಿಡಿಸಿದಳು. ಮೂರು ಕಡೆ ಋಣಚಿಹ್ನೆ ಮರೆತಿದ್ದಳು, ಅದು ಕೂದಲೆಳೆಯ ತಪ್ಪು. ಎರಡು ಕಡೆ ವಿಷಯವೇ ಅರ್ಥವಾಗಿರಲಿಲ್ಲ, ಅದು ನಿಜವಾದ ಮುಳ್ಳು. ಎರಡೂ ಬೇರೆ ಬೇರೆ ಎಂದು ತಿಳಿದದ್ದೇ ಅವಳಿಗೆ ಅರ್ಧ ಸಮಾಧಾನ. ಮುಂದಿನ ಕಿರುಪರೀಕ್ಷೆಯಲ್ಲಿ 25ಕ್ಕೆ 14 ಬಂತು. ಪವಾಡವೇನಲ್ಲ. ಆದರೆ ಆ ಕಾಗದ ಚೀಲದ ತಳದಲ್ಲಿರಲಿಲ್ಲ, ಊಟದ ಮೇಜಿನ ಮೇಲಿತ್ತು.

ಬದುಕೆಲ್ಲ ಆಟದಂತಿರಬೇಕೆಂದು ನಾನು ಹೇಳುತ್ತಿಲ್ಲ. ಸೇತುವೆ ಕಟ್ಟುವ ಎಂಜಿನಿಯರಿಗೆ, ಔಷಧ ಅಳೆಯುವ ವೈದ್ಯರಿಗೆ ಕಯೋಟಿ ಸಮಯವಿಲ್ಲ. ಅಲ್ಲಿ ಅಂಚು ಎಂದರೆ ಅಂಚೇ. ಆದರೆ ಅಂಥ ಅಂಚಿನಲ್ಲಿ ನಡುಗದೆ ನಿಲ್ಲುವ ಎಂಜಿನಿಯರು, ವೈದ್ಯರು ತಯಾರಾಗಬೇಕಾದರೆ, ಕಲಿಯುವ ವಯಸ್ಸಿನಲ್ಲಿ ಅವರಿಗೆ ಸಾಕಷ್ಟು ಸಲ, ಕಡಿಮೆ ಬೆಲೆಗೆ, ನಾಚಿಕೆಯಿಲ್ಲದೆ ಬೀಳಲು ಅವಕಾಶ ಸಿಕ್ಕಿರಬೇಕು.

ಕೊನೆಯದಾಗಿ ನಿಮಗೊಂದು ಪ್ರಯೋಗ. ಶಾಲೆಯ ಕಂಪ್ಯೂಟರಿನಲ್ಲಿ 'ಸ್ಕ್ರ್ಯಾಚ್' ಎಂಬ ಉಚಿತ ತಂತ್ರಾಂಶವಿದ್ದರೆ, ಒಂದು ಚೌಕವನ್ನು ಬರೆದು, ಬಟನ್ ಒತ್ತಿದಾಗ ಅದು ಜಿಗಿಯುವಂತೆ ಮಾಡಿ. ಎರಡು ಕಟ್ಟೆಗಳನ್ನಿಟ್ಟು ನಡುವೆ ಒಂದು ಹಳ್ಳ ತೋಡಿ. ಈಗ ಆಟದ ಎರಡು ಪ್ರತಿ ಮಾಡಿ. ಒಂದರಲ್ಲಿ ಅಂಚು ಬಿಟ್ಟ ಕೂಡಲೇ ಜಿಗಿತ ನಿಷೇಧ. ಇನ್ನೊಂದರಲ್ಲಿ ಹತ್ತನೇ ಒಂದು ಸೆಕೆಂಡು ಕ್ಷಮೆ. ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಆಡಲು ಕೊಡಿ. ಅರ್ಧದಷ್ಟು ಜನರಿಗೆ ಒಂದನ್ನು ಮೊದಲು, ಉಳಿದವರಿಗೆ ಇನ್ನೊಂದನ್ನು ಮೊದಲು ಕೊಡುವುದನ್ನು ಮರೆಯಬೇಡಿ. ಯಾವುದು ಚೆನ್ನಾಗಿದೆ, ಏಕೆ ಎಂದು ಕೇಳಿ ಬರೆದುಕೊಳ್ಳಿ. ಪ್ರೋಗ್ರಾಂ ಮೊದಲ ಸಲ ಸರಿಯಾಗಿ ಓಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಚೌಕ ನೆಲದೊಳಗೆ ಹೂತುಹೋಗುತ್ತದೆ, ಆಕಾಶಕ್ಕೆ ಹಾರಿಹೋಗುತ್ತದೆ. ಆಗ ಎಷ್ಟು ಸಲ ತಿದ್ದಿದಿರಿ ಎಂದು ಪುಸ್ತಕದ ಮೂಲೆಯಲ್ಲಿ ಒಂದೊಂದು ಗೀಟು ಎಳೆಯುತ್ತಾ ಹೋಗಿ. ಆ ಗೀಟುಗಳನ್ನು ಅಳಿಸಬೇಡಿ.